ಹಡಗು, ರೈಲು, ಲಾರಿ ದಾಟಿ ಹೋಗುವ ಸರಕಿಗೆ ಭದ್ರತೆ: ಮೊದಲ ಖರ್ಚು ಬೇಲಿಗೋ, ಕಂಪ್ಯೂಟರಿಗೋ?

ಹಡಗು, ರೈಲು, ಲಾರಿ ಮೂರರಲ್ಲೂ ಕಂಟೇನರ್ ಸಾಗಿಸುತ್ತೇವೆ, ಕೈಯಲ್ಲಿರುವ ಹಣ ಕಡಿಮೆ, ಅದನ್ನು ಕ್ಯಾಮೆರಾ, ಕಾವಲಿಗೆ ಹಾಕಲೋ ಸೈಬರ್ ಭದ್ರತೆಗೆ ಹಾಕಲೋ ಎಂದು ಕೇಳಿದ್ದೀರಿ. ನಾನೂ ಸರಕು ಸಾಗಣೆಯ ಕೆಲಸದಲ್ಲೇ ಇರುವವನು. ಇವೆರಡನ್ನೂ ಬೇರೆ ಬೇರೆ ಇಲಾಖೆಗೆ ಹಂಚಿಬಿಟ್ಟರೆ ನಡುವೆ ಯಾರದ್ದೂ ಅಲ್ಲದ ಒಂದು ಸಂದು ಉಳಿಯುತ್ತದೆ. ಕಳ್ಳ ಕಾಯುವುದು ಅದನ್ನೇ. ಆದ್ದರಿಂದ ಸರಕು ಕೈ ಬದಲಾಗುವ ಜಾಗದಿಂದ ಶುರು ಮಾಡಿ: ಹಡಗಿನಿಂದ ಯಾರ್ಡ್‌ಗೆ (ಕಂಟೇನರ್ ಇಡುವ ಅಂಗಳ), ಯಾರ್ಡ್‌ನಿಂದ ರೈಲಿಗೆ, ರೈಲಿನಿಂದ ಲಾರಿಗೆ.

ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ 2011ರಿಂದ ಸುಮಾರು ಎರಡು ವರ್ಷ ನಡೆದದ್ದನ್ನು ಈ ವೃತ್ತಿಯವರೆಲ್ಲ ತಿಳಿದಿರಬೇಕು. ಮಾದಕವಸ್ತು ಸಾಗಿಸುವ ಜಾಲವೊಂದು ಹ್ಯಾಕರ್‌ಗಳನ್ನು ಹಿಡಿದು, ತಮ್ಮ ಮಾಲು ಅಡಗಿಸಿದ ಕಂಟೇನರ್ ಎಲ್ಲಿದೆ, ಅದನ್ನು ಬಿಡಿಸಿಕೊಳ್ಳುವ ಗುಪ್ತ ಸಂಖ್ಯೆ, ಅಂದರೆ ಪಿನ್, ಯಾವುದು ಎಂಬುದನ್ನು ಕದಿಯಿತು. ನಿಜವಾದ ವಾರಸುದಾರ ಬರುವ ಮೊದಲೇ ಇವರ ಲಾರಿ ಗೇಟಿಗೆ ಬಂದು ಕಂಟೇನರ್ ಹೊತ್ತೊಯ್ಯುತ್ತಿತ್ತು. ಮೊದಲು ಇಮೇಲ್‌ನಲ್ಲಿ ಮಾಲ್‌ವೇರ್ (ಕಂಪ್ಯೂಟರಿಗೆ ನುಸುಳುವ ಕೆಟ್ಟ ಸಾಫ್ಟ್‌ವೇರ್) ಕಳಿಸಿದ್ದರು. ಅದು ಪತ್ತೆಯಾಗಿ, ಹೊರಗಿನಿಂದ ನುಸುಳುವುದನ್ನು ತಡೆಯುವ ಫೈರ್‌ವಾಲ್ ಬಂದಾಗ ಕಚೇರಿಗಳಿಗೇ ನುಗ್ಗಿ, ಕೀಬೋರ್ಡಿನಲ್ಲಿ ಒತ್ತಿದ್ದನ್ನೆಲ್ಲ ದಾಖಲಿಸುವ ಸಾಧನಗಳನ್ನು ಕಂಪ್ಯೂಟರ್‌ಗಳಿಗೆ ಸಿಕ್ಕಿಸಿದರು. ಪಿನ್ ಕದ್ದವನ ಮುಂದೆ ಗೇಟಿನ ಕಾವಲು ಸೋತಿತು, ಕಚೇರಿಗೆ ನುಗ್ಗಿದವನ ಮುಂದೆ ಫೈರ್‌ವಾಲ್ ಸೋತಿತು.

ಹಾಗಾಗಿ ನಿಮ್ಮ ಮೊದಲ ಕೆಲಸಕ್ಕೆ ಹೆಚ್ಚು ಹಣವೇ ಬೇಡ. ಕಂಟೇನರ್ ಬಿಡಿಸುವ ಪಿನ್ ಅಥವಾ ಡೆಲಿವರಿ ಆರ್ಡರ್ (ಸರಕನ್ನು ಕೊಡಿ ಎಂಬ ಆದೇಶಪತ್ರ) ಈಗ ಎಷ್ಟು ಜನರ ಇಮೇಲ್, ವಾಟ್ಸಾಪ್ ದಾಟಿ ಡ್ರೈವರ್‌ಗೆ ತಲುಪುತ್ತದೆ ಎಂದು ಕಾಗದದ ಮೇಲೆ ಬರೆಯಿರಿ. ಅದರಲ್ಲಿ ಹಲವರಿಗೆ ಆ ಸಂಖ್ಯೆ ಬೇಕಾಗಿಯೇ ಇರುವುದಿಲ್ಲ. ಪಿನ್ ಅನ್ನು ಕೊನೆಯ ಗಳಿಗೆಯಲ್ಲಿ, ಇಂಥ ಲಾರಿ, ಇಂಥ ಡ್ರೈವರ್, ಇಷ್ಟು ಗಂಟೆಯೊಳಗೆ ಎಂದು ಕಟ್ಟಿ ಕೊಡಿ. ಹಿಂದಿನ ದಿನ ಸಂಜೆ 'ಲಾರಿ ಬದಲಾಗಿದೆ' ಎಂಬ ಇಮೇಲ್ ಬಂದರೆ ಅದರಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ, ನಿಮ್ಮ ದಾಖಲೆಯಲ್ಲಿ ಮೊದಲಿನಿಂದ ಇರುವ ನಂಬರಿಗೇ ಮಾಡಿ. ಹೆಸರುವಾಸಿ ಸಾಗಣೆದಾರನ ಹೆಸರಿನಲ್ಲಿ ನಕಲಿ ಕಾಗದ ತೋರಿಸಿ ಪೂರ್ತಿ ಲೋಡನ್ನೇ ಎತ್ತಿಕೊಂಡು ಹೋಗುವ ಮೋಸ ನಿಲ್ಲುವುದು ಈ ಒಂದು ಕರೆಯಿಂದ.

ಇನ್ನು ಸೀಲ್. ಕಂಟೇನರ್ ಸೀಲ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 17712ರ ಪ್ರಕಾರ 'ಎಚ್' (ಹೆಚ್ಚಿನ ಭದ್ರತೆ) ಗುರುತಿರುವ ಬೋಲ್ಟ್ ಸೀಲನ್ನೇ ಕೊಳ್ಳಿ, ಆದರೆ ಸೀಲ್ ಹಾಕಿದೆ ಎಂದು ನೆಮ್ಮದಿಯಾಗಿರಬೇಡಿ. ಬಾಗಿಲ ಹಿಡಿಕೆಯ ರಿವೆಟ್ ಕಿತ್ತು, ಸೀಲ್ ಮುಟ್ಟದೆಯೇ ಬಾಗಿಲು ತೆರೆದು, ಮತ್ತೆ ರಿವೆಟ್ ಹೊಡೆದು ಬಣ್ಣ ಬಳಿಯುವವರಿದ್ದಾರೆ. ಪ್ರತಿ ಕೈಬದಲಾವಣೆಯಲ್ಲೂ ಸೀಲನ್ನು ನೋಡಬೇಕು, ಸಂಖ್ಯೆಯನ್ನು ದಾಖಲೆಯೊಂದಿಗೆ ಹೋಲಿಸಬೇಕು, ಎಳೆಯಬೇಕು, ತಿರುಚಬೇಕು. ಜೊತೆಗೆ ಹಿಡಿಕೆ, ಕೀಲುಗಳ ಫೋಟೋ ತೆಗೆಯಬೇಕು. ಸೀಲ್ ಸಂಖ್ಯೆ ಡ್ರೈವರ್ ಕೈಯ ಕಾಗದದಲ್ಲಷ್ಟೇ ಇದ್ದರೆ ಆ ಹೋಲಿಕೆಗೆ ಬೆಲೆಯಿಲ್ಲ. ಅದು ಬೇರೆ ದಾರಿಯಲ್ಲಿ, ಮುಂಚಿತವಾಗಿ ಎದುರಿನವರಿಗೆ ತಲುಪಿರಬೇಕು. ರೈಲಿನ ಭಾಗದಲ್ಲಿ ಸಾಧ್ಯವಾದಲ್ಲೆಲ್ಲ ತೆರೆಯಲು ಜಾಗವಿಲ್ಲದ ಹಾಗೆ ಬಾಗಿಲಿಗೆ ಬಾಗಿಲು ಎದುರಾಗುವಂತೆ ಕಂಟೇನರ್ ಇಡಿಸಿ, ಮತ್ತು ವ್ಯಾಗನ್‌ಗಳು ಸೈಡಿಂಗ್‌ನಲ್ಲಿ (ಪಕ್ಕದ ಹಳಿಯಲ್ಲಿ) ನಿಲ್ಲುವ ಹೊತ್ತನ್ನು ಕಡಿಮೆ ಮಾಡಿಸಿ. ಓಡುವ ಸರಕಿಗಿಂತ ನಿಂತ ಸರಕಿಗೇ ಅಪಾಯ ಹೆಚ್ಚು.

ಜಿಪಿಎಸ್ ಟ್ರ್ಯಾಕರ್ ಮಾರುವವರು ನಿಮ್ಮ ಬಳಿ ಬಂದೇ ಬರುತ್ತಾರೆ. ಕೊಳ್ಳಿ, ಆದರೆ ಸಿಗ್ನಲ್ ತಡೆಯುವ ಅಗ್ಗದ ಜಾಮರ್ ಅದನ್ನು ಮೂಕವಾಗಿಸುತ್ತದೆ. ಸಿಗ್ನಲ್ ನಿಂತ ಕೂಡಲೇ ಯಾರು ಏಳಬೇಕು, ಯಾರಿಗೆ ಕರೆ ಮಾಡಬೇಕು ಎಂದು ಮೊದಲೇ ಗೊತ್ತುಮಾಡಿರದಿದ್ದರೆ ಆ ಹಣ ವ್ಯರ್ಥ.

ಸೈಬರ್ ಕಡೆಯಲ್ಲಿ ನನ್ನ ದೊಡ್ಡ ಚಿಂತೆ ಕಳ್ಳತನಕ್ಕಿಂತ ಕೆಲಸ ನಿಂತುಹೋಗುವುದು. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ಮಾಲ್‌ವೇರ್ ಹರಡಿದ್ದು ಉಕ್ರೇನ್‌ನ ಒಂದು ಲೆಕ್ಕಪತ್ರ ಸಾಫ್ಟ್‌ವೇರ್‌ನ ಅಪ್‌ಡೇಟ್ ಮೂಲಕ. ಹಡಗು ಸಾಗಣೆಯ ದೊಡ್ಡ ಕಂಪನಿ ಮೇರ್ಸ್ಕ್ ಅದರ ಗುರಿಯೇ ಆಗಿರಲಿಲ್ಲ. ಆದರೂ ಆ ಕಂಪನಿಯ ಹಲವು ಟರ್ಮಿನಲ್‌ಗಳ ಗೇಟುಗಳು ನಿಂತವು, 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಅವರ ಜಾಲವನ್ನು ಯಾರು ಬಳಸಬಹುದು ಎಂಬ ಮೂಲ ದಾಖಲೆಯ ಒಂದು ಪ್ರತಿ ಉಳಿದದ್ದು ಘಾನಾದ ಕಚೇರಿಯಲ್ಲಿ ಆ ಹೊತ್ತಿಗೆ ಕರೆಂಟ್ ಹೋಗಿ ಅಲ್ಲಿನ ಕಂಪ್ಯೂಟರ್ ಜಾಲದಿಂದ ಕಡಿದಿದ್ದರಿಂದ. ನಿಮಗೆ ಅಂಥ ಅದೃಷ್ಟ ಬೇಕಾಗದಂತೆ ಜಾಲದಿಂದ ಪೂರ್ತಿ ಬೇರ್ಪಟ್ಟ ಬ್ಯಾಕಪ್ ಇಟ್ಟು, ಅದರಿಂದ ವ್ಯವಸ್ಥೆಯನ್ನು ಮರಳಿ ಎಬ್ಬಿಸಿ ನೋಡಿ. 2023ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಬಂದರು ನಡೆಸುವ ಡಿಪಿ ವರ್ಲ್ಡ್ ಕಂಪನಿ ತನ್ನ ಮೇಲಿನ ಸೈಬರ್ ದಾಳಿ ತಿಳಿದು ತಾನೇ ಇಂಟರ್ನೆಟ್ ಸಂಪರ್ಕ ಕಡಿದುಕೊಂಡಾಗ ಲಾರಿಗಳು ಒಳಬರಲಾಗದೆ ಸುಮಾರು 30,000 ಕಂಟೇನರ್ ಯಾರ್ಡ್‌ಗಳಲ್ಲಿ ಸಿಕ್ಕಿಬಿದ್ದವು. ಕಂಪ್ಯೂಟರ್ ಬಿದ್ದ ದಿನ ಯಾವ ಕಂಟೇನರ್ ಎಲ್ಲಿದೆ, ಯಾರಿಗೆ ಕೊಡಬಹುದು ಎಂಬ ಪಟ್ಟಿ ಕಾಗದದಲ್ಲಿ ಇರಲಿ. ಗಡಿಬಿಡಿಯಲ್ಲಿ ಪರಿಶೀಲನೆ ಸಡಿಲವಾಗುವುದರಿಂದ ಕಳ್ಳನಿಗೂ ಅದೇ ಒಳ್ಳೆಯ ದಿನ.

ಉಳಿದದ್ದು ಎಲ್ಲ ಕಡೆ ಹೇಳುವಂಥದ್ದೇ: ಎರಡು ಹಂತದ ಲಾಗಿನ್, ತಡಮಾಡದ ಅಪ್‌ಡೇಟ್, ಕೆಲಸ ಬಿಟ್ಟವರ ಗೇಟ್ ಪಾಸ್ ಮತ್ತು ಪಾಸ್‌ವರ್ಡ್ ಎರಡನ್ನೂ ಅದೇ ದಿನ ರದ್ದು ಮಾಡುವುದು.

ನಿಮ್ಮಲ್ಲಿ ಪಿನ್ ಯಾರ್‍ಯಾರ ಕೈ ದಾಟುತ್ತದೆ ಎಂಬ ಆ ಪಟ್ಟಿಯನ್ನು ಹೆಸರುಗಳಿಲ್ಲದೆ, ಹುದ್ದೆಗಳನ್ನಷ್ಟೇ ಬರೆದು ಕಾಮೆಂಟಿನಲ್ಲಿ ಹಾಕಿ. ಯಾವ ಕೊಂಡಿಯನ್ನು ತೆಗೆಯಬಹುದು ಎಂದು ಕೂತು ನೋಡಿ ಹೇಳುತ್ತೇನೆ.