ವರದಿಯಿಂದ ಆ "ಲಾಯಿತು" ತೆಗೆದುಬಿಡು ತಂಗಿ

ಪ್ರಶ್ನೆ: ಮೇಡಂ ನಮಸ್ತೆ, ನಾನು ದಾವಣಗೆರೆಯಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಎರಡನೇ ಸೆಮಿಸ್ಟರ್ ಓದ್ತಿದೀನಿ. ವಾರಕ್ಕೆ ಎರಡು ದಿನ ಫೀಲ್ಡ್‌ವರ್ಕ್, ನಮ್ಮ ಗುಂಪನ್ನ ಮಂಡಕ್ಕಿ ಹುರಿಯೋ ಭಟ್ಟಿಗಳಿರೋ ಕಡೆ ಹಾಕಿದಾರೆ. ಅಲ್ಲೊಂದು ಮನೇಲಿ ಎಂಟನೇ ಕ್ಲಾಸ್ ಹುಡುಗಿ ಎರಡು ತಿಂಗಳಿಂದ ಸ್ಕೂಲಿಗೆ ಹೋಗ್ತಿಲ್ಲ. ಅವರಮ್ಮಂಗೆ ಓದಿನ ಮಹತ್ವ ಎಲ್ಲ ಹೇಳ್ದೆ, ಅರ್ಧ ಗಂಟೆ ಹೇಳಿರ್ಬೇಕು, ಅವರು ಚೀಲದ ಬಾಯಿ ಹೊಲೀತಾ ಕೇಳಿಸ್ಕೊಂಡು ಕೊನೆಗೆ "ಆತವ್ವ ಕಳಸ್ತೀನಿ, ಈ ಕೂಸಿನ್ನ ನೀ ಬಂದು ನೋಡ್ಕೊಂತೀಯೇನು?" ಅಂದ್ರು. ನಂಗೆ ಬಾಯಿಂದ ಮಾತೇ ಹೊರಡ್ಲಿಲ್ಲ. ವರದಿಯಲ್ಲಿ "ಪೋಷಕರಿಗೆ ಶಿಕ್ಷಣದ ಮಹತ್ವದ ಕುರಿತು ಅರಿವು ಮೂಡಿಸಲಾಯಿತು" ಅಂತ ಬರೆದೆ, ಸೈನೂ ಆಯ್ತು. ಕೇಸ್‌ವರ್ಕ್ (ಒಬ್ಬೊಬ್ಬರ ಜೊತೆ ಕೂತು ಮಾಡೋ ಕೆಲಸ) ತತ್ವಗಳು, ಸಿಸ್ಟಮ್ಸ್ ಥಿಯರಿ (ಒಬ್ಬರ ಕಷ್ಟನ ಸುತ್ತಲಿನ ವ್ಯವಸ್ಥೆಗಳ ಜೊತೆ ಸೇರಿಸಿ ನೋಡೋದು) ಎಲ್ಲ ಓದಿದೀನಿ, ಮಾರ್ಕ್ಸೂ ಚೆನ್ನಾಗೇ ಬಂದಿದೆ, ಆದ್ರೆ ಆ ಬಾಗಿಲಲ್ಲಿ ಒಂದೂ ನೆನಪಾಗ್ಲಿಲ್ಲ. ಥಿಯರಿನೇ ಬೇರೆ ಫೀಲ್ಡೇ ಬೇರೆ ಅಂತ ಸೀನಿಯರ್ಸ್ ಹೇಳೋದು ನಿಜಾನಾ ಮೇಡಂ?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ತಂಗಿ, ಆ ತಾಯಿ ನಿಂಗೊಂದು ಪ್ರಶ್ನೆ ಕೇಳಿದ್ರು, ಅವತ್ತಿಡೀ ದಿನದಲ್ಲಿ ನಿಂಗೆ ಸಿಕ್ಕ ಬೆಲೆಬಾಳೋ ವಸ್ತು ಅದೊಂದೇ, ಅದನ್ನೇ ನೀನು ವರದಿಯಿಂದ ಬಿಟ್ಟೆ. ಥಿಯರಿಗೂ ಫೀಲ್ಡಿಗೂ ನಂಟು ತಪ್ಪಿದ್ದು ಆ ಮನೆ ಬಾಗಿಲಲ್ಲಲ್ಲ, ರಾತ್ರಿ ರೂಮಲ್ಲಿ ಕೂತು "ಮೂಡಿಸಲಾಯಿತು" ಅಂತ ಬರೆದ್ಯಲ್ಲ, ಅಲ್ಲಿ.

ಈ "ಲಾಯಿತು" ಮೇಲೆ ನಂಗೆ ತುಂಬಾ ವರ್ಷದ ಸಿಟ್ಟಿದೆ. ಭೇಟಿ ನೀಡಲಾಯಿತು, ಮಾಹಿತಿ ಪಡೆಯಲಾಯಿತು, ಆಪ್ತ ಸಮಾಲೋಚನೆ ಮಾಡಲಾಯಿತು. ಯಾರು ಹೋದ್ರು, ಯಾರು ಏನಂದ್ರು, ಕೇಳ್ದೋರ ಮುಖ ಹೆಂಗಿತ್ತು, ಒಂದೂ ಗೊತ್ತಾಗಲ್ಲ. ಪ್ರೋಸೆಸ್ ರೆಕಾರ್ಡಿಂಗ್ ಅಂತ ಸಿಲೆಬಸ್ಸಲ್ಲಿ ಇಟ್ಟಿರೋದು ಇದಕ್ಕೇ ನೋಡು, ನೀನು ಅಂದಿದ್ದು, ಅವರು ಅಂದಿದ್ದು, ಆಗ ನಿನ್ನ ಹೊಟ್ಟೆಯೊಳಗೆ ಏನಾಯ್ತು ಅನ್ನೋದು, ಮೂರನ್ನೂ ಇದ್ದಂಗೆ ಬರೀಬೇಕು. ಇವತ್ತೇ ಆ ಭೇಟಿನ ಮತ್ತೆ ಬರಿ. "ನಾನು ಅರ್ಧ ಗಂಟೆ ಮಾತಾಡಿದೆ. ಅವರು ಚೀಲ ಹೊಲೀತಿದ್ರು. ಕೂಸಿನ್ನ ನೀ ನೋಡ್ಕೊಂತೀಯಾ ಅಂದ್ರು. ನಾನು ಸುಮ್ಮನಾದೆ." ಇಷ್ಟು ಸಾಕು. ಈಗ ಪುಸ್ತಕ ತೆಗಿ.

ಹುಡುಗಿ ಸ್ಕೂಲ್ ಬಿಟ್ಟಿರೋದು ಅರಿವಿಲ್ಲದೆ ಅಂತ ನೀನು ಅಂದ್ಕೊಂಡು ಹೋಗಿದ್ದೆ, ತಾಯಿ ಒಂದೇ ಮಾತಲ್ಲಿ ಕಾರಣ ಬೇರೆ ಅಂತ ತೋರಿಸಿದ್ರು. ಕೂಸನ್ನ ನೋಡ್ಕೊಳ್ಳೋರಿಲ್ಲ. ಅಂಗನವಾಡಿಯಲ್ಲಿ ಕೂರಿಸ್ಕೊಂಡು ಕಲಿಸೋದು 3ರಿಂದ 6 ವರ್ಷದ ಮಕ್ಕಳಿಗೆ, ಅದಕ್ಕಿಂತ ಚಿಕ್ಕೋರಿಗೆ ಮನೆಗೆ ಆಹಾರದ ಪೊಟ್ಟಣ ಕೊಡ್ತಾರೆ ಹೊರತು ದಿನವಿಡೀ ಇಟ್ಕೊಳ್ಳಲ್ಲ. ಚಿಕ್ಕ ಮಕ್ಕಳನ್ನ ಹಗಲು ನೋಡ್ಕೊಳ್ಳೋಕೆ "ಕೂಸಿನ ಮನೆ" ಅಂತ ಸರ್ಕಾರ 2023ರಲ್ಲಿ ಘೋಷಿಸ್ತು, ಆದ್ರೆ ಅದು ಗ್ರಾಮ ಪಂಚಾಯ್ತಿ ಮಟ್ಟದ್ದು, ನರೇಗಾ ಕೆಲಸಕ್ಕೆ ಹೋಗೋ ತಾಯಂದಿರನ್ನ ಮನಸ್ಸಲ್ಲಿಟ್ಕೊಂಡು ಮಾಡಿದ್ದು, ದಾವಣಗೆರೆ ಸಿಟಿಯೊಳಗಿನ ಭಟ್ಟಿ ಕೆಲಸದೋರಿಗೆ ಅದು ಸಿಗಲ್ಲ. ಮಾಲೀಕರೇ ಶಿಶುಪಾಲನಾ ಕೇಂದ್ರ ಇಡಬೇಕು ಅನ್ನೋ ಕಾಯ್ದೆ ದೊಡ್ಡ ಕೆಲಸದ ಜಾಗಗಳಿಗಷ್ಟೇ (2025ರವರೆಗೆ ಇದ್ದ 1948ರ ಕಾರ್ಖಾನೆ ಕಾಯ್ದೆಯಲ್ಲಿ 30ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡೋ ಕಡೆ ಅಂತಿತ್ತು), ನಾಲ್ಕೈದು ಜನ ದುಡಿಯೋ ಭಟ್ಟಿಗೆ ಅದು ಅನ್ವಯಿಸೋದೇ ಇಲ್ಲ. ಅಂದ್ರೆ ಒಂದು ಯೋಜನೆ, ಒಂದು ಕಾಯ್ದೆ, ಒಂದು ಅಂಗನವಾಡಿ, ಮೂರರ ಮಧ್ಯೆ ಇರೋ ಸಂದಿಯಲ್ಲಿ ಆ ಕೂಸು ಕೂತಿದೆ, ಅದನ್ನ ಎತ್ತಿಕೊಳ್ಳೋಕೆ ಅಕ್ಕ ಸ್ಕೂಲ್ ಬಿಟ್ಟಿದಾಳೆ. ಸಿಸ್ಟಮ್ಸ್ ಥಿಯರಿ ಅಂತ ನೀನು ಬಾಯಿಪಾಠ ಮಾಡಿದ್ದು ಇದೇ ಕಣೇ.

ಕೇಸ್‌ವರ್ಕಿಗೆ ಬಾ. ಸಮಾಜಕಾರ್ಯದ ಲೇಖಕ ಬೀಸ್ಟೆಕ್ 1957ರಲ್ಲಿ ಹೇಳಿದ ಏಳು ತತ್ವದಲ್ಲಿ ಸ್ವನಿರ್ಣಯ ಅಂತ ಒಂದಿದೆ ಅಲ್ವಾ, ತನ್ನ ಬದುಕಿನ ತೀರ್ಮಾನ ಅವರೇ ತಗೋಬೇಕು ಅನ್ನೋದು. ಹಾಗಂತ ತಾಯಿ ತೀರ್ಮಾನ ಅಂತ ನೀನು ಕೈಕಟ್ಟಿ ಕೂರೋ ಹಾಗಿಲ್ಲ, ಯಾಕಂದ್ರೆ ಆ ಹುಡುಗೀದೂ ಒಂದು ಬದುಕು, 14 ವರ್ಷದವರೆಗೆ ಓದೋದು ಅವಳ ಹಕ್ಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆನೇ ಹೇಳುತ್ತೆ. ಎಲ್ಲಿಗೆ ತಾಯಿ ಇಷ್ಟ, ಎಲ್ಲಿಂದ ಮಗಳ ಹಕ್ಕು ಅನ್ನೋ ಒದ್ದಾಟ ಪರೀಕ್ಷೆಲಿ ಐದು ಮಾರ್ಕಿನ ಪ್ರಶ್ನೆ ಆಗಿತ್ತು, ಈಗ ಅದಕ್ಕೊಂದು ಮುಖ ಇದೆ. ಅಂದಹಾಗೆ ಆ ಹುಡುಗಿನ ನೀನು ಮಾತಾಡಿಸಿದ್ಯಾ? ನಿನ್ನ ಪತ್ರದಲ್ಲಿ ಅವಳ ಒಂದು ಮಾತೂ ಇಲ್ಲ.

ಮುಂದಿನ ಸಲ ಹೋದಾಗ ಕಡಿಮೆ ಮಾತಾಡು. ಅದೇ ಸಾಲಲ್ಲಿ ಇನ್ನೆಷ್ಟು ಮನೇಲಿ ಮೂರು ವರ್ಷದೊಳಗಿನ ಮಕ್ಕಳಿದಾವೆ, ಹಗಲು ಯಾರು ನೋಡ್ಕೊಳ್ತಾರೆ ಅಂತ ಎಣಿಸ್ಕೊಂಡು ಬಾ. ನಾಲ್ಕು ತಾಯಂದಿರು ಒಟ್ಟಿಗೆ ಕೂತರೆ ಅದು ಗ್ರೂಪ್‌ವರ್ಕ್, ಅವರೇ ಸಹಿ ಮಾಡಿ ಮಕ್ಕಳ ಇಲಾಖೆಗೆ ಒಂದು ಅರ್ಜಿ ಕೊಟ್ಟರೆ ಸೋಶಿಯಲ್ ಆಕ್ಷನ್ ಶುರುವಾದಂಗೆ.

ನಂದೂ ಒಂದು ಹೇಳ್ತೀನಿ. ನಾನು ಓದ್ತಿದ್ದಾಗ ಚಳ್ಳಕೆರೆ ಕಡೆ ಒಂದು ಹಟ್ಟಿಗೆ ಹೋಗಿದ್ವಿ, ಮುಟ್ಟಾದ ಹೆಣ್ಮಕ್ಕಳನ್ನ, ಬಾಣಂತಿಯರನ್ನ ಊರಾಚೆ ಗುಡಿಸಲಲ್ಲಿ ಇಡೋ ಪದ್ಧತಿ ಬಗ್ಗೆ ತಿಳುವಳಿಕೆ ಹೇಳೋಕೆ, ಚಾರ್ಟ್ ಎಲ್ಲ ಬರ್ಕೊಂಡು. ಕಟ್ಟೆ ಮೇಲೆ ಕೂತಿದ್ದ ಒಬ್ಬ ಅಜ್ಜಿ ಕೊನೆವರೆಗೂ ಕೇಳಿ "ಇದನ್ನ ನಿಮ್ಮವ್ವಗೆ ಹೇಳೀಯೇನವ್ವ?" ಅಂದ್ರು. ನಮ್ಮ ಮನೇಲೂ ಆ ಮೂರು ದಿನ ಅಡುಗೆ ಮನೆ, ದೇವರ ಮನೆ ಮುಟ್ಟೋ ಹಾಗಿರಲಿಲ್ಲ, ನಾನು ಒಂದು ದಿನಾನೂ ಬಾಯಿ ಬಿಟ್ಟೋಳಲ್ಲ. ಚಾರ್ಟ್ ಸುತ್ತಿಟ್ಟೆ. ಆ ಮಾತನ್ನ ವರದಿಯಲ್ಲಿ ಬರೆದಿದ್ದಕ್ಕೆ ನಮ್ಮ ಮೇಷ್ಟ್ರು ಒಂದು ಗಂಟೆ ಕೂರಿಸ್ಕೊಂಡು ಮಾತಾಡಿದ್ರು, ಆ ಏಳು ತತ್ವದಲ್ಲೇ ಇನ್ನೊಂದಾದ, ತೀರ್ಪು ಕೊಡದೇ ಇರೋದು ಅಂದ್ರೇನು ಅಂತ ನಂಗೆ ತಲೆಗೆ ಹೋಗಿದ್ದು ಆ ಒಂದು ಗಂಟೆಯಲ್ಲಿ. ಅದೇ ಹಟ್ಟಿಗೆ ಮತ್ತೆ ಹೋದಾಗ ಚಾರ್ಟ್ ತಗೊಂಡು ಹೋಗ್ಲಿಲ್ಲ, ಮಳೆ ಬಂದ್ರೆ ಆ ಗುಡಿಸಲಲ್ಲಿ ಕೂಸನ್ನ ಎಲ್ಲಿ ಮಲಗಿಸ್ತೀರಿ ಅಂತ ಮಾತ್ರ ಕೇಳಿದೆ, ಹೆಣ್ಮಕ್ಕಳು ಸಂಜೆವರೆಗೆ ಮಾತಾಡಿದ್ರು.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಎಂಎಸ್‌ಡಬ್ಲ್ಯೂ ಅತಿಥಿ ಉಪನ್ಯಾಸಕ. ನನ್ನ ಕೈಕೆಳಗೆ 22 ಮಕ್ಕಳ ಫೀಲ್ಡ್‌ವರ್ಕ್ ಇದೆ, ಮೇಲೆ ನಾಲ್ಕು ಪೇಪರ್ ಪಾಠ. ಒಬ್ಬೊಬ್ಬರ ಜೊತೆ ಕೂತು ವರದಿ ಬಗ್ಗೆ ಚರ್ಚೆ (ಕಾನ್ಫರೆನ್ಸ್) ಮಾಡೋಕೆ ಟೈಮೇ ಇಲ್ಲ, ವರದಿಗೆ ಸೈನ್ ಹಾಕೋದಷ್ಟೇ ಆಗ್ತಿದೆ. ಏನು ಮಾಡ್ಲಿ ಮೇಡಂ?

ಉತ್ತರ: ಸರ್, 22 ಜನರನ್ನ ಒಬ್ಬರಿಗೆ ಒಪ್ಪಿಸೋದೇ ತಪ್ಪು, ಅದನ್ನ ವಿಭಾಗದಲ್ಲಿ ಲಿಖಿತವಾಗೇ ಹೇಳಿ. ಅದು ಸರಿಹೋಗೋವರೆಗೆ ಎಲ್ಲ ವರದಿನೂ ಮೇಲೆಮೇಲೆ ಓದೋ ಬದಲು ವಾರಕ್ಕೆ ಒಂದೇ ವರದಿ ಆರಿಸಿ, ಬರೆದೋರೇ ಎಲ್ಲರ ಮುಂದೆ ಗಟ್ಟಿಯಾಗಿ ಓದ್ಲಿ, ಎರಡು ಗಂಟೆ ಅದರ ಮೇಲೇ ಕೂತ್ಕೊಳ್ಳಿ. ಇದು ಯಾವ ಥಿಯರಿ ಅಂತ ಮೊದಲೇ ಕೇಳಬೇಡಿ, ಮಕ್ಕಳು ತಕ್ಷಣ ನೋಟ್ಸ್ ಭಾಷೆಗೆ ಓಡಿಹೋಗ್ತಾರೆ. ನೀನು ಆಗ ಯಾಕೆ ಸುಮ್ಮನಾದೆ, ಯಾಕೆ ಆ ಪ್ರಶ್ನೆ ಕೇಳ್ದೆ ಅಂತ ಕೇಳಿ, ಥಿಯರಿ ಹೆಸರು ಕೊನೇಲಿ ಬರಲಿ. ನಮ್ಮ ದೇಶದ ಮೊದಲ ಸಮಾಜಕಾರ್ಯ ಶಾಲೆ, ಈಗ ಟಾಟಾ ಇನ್‌ಸ್ಟಿಟ್ಯೂಟ್ ಅಂತೀವಲ್ಲ, 1936ರಲ್ಲಿ ಮುಂಬೈಯಲ್ಲಿ ಶುರುವಾಯ್ತು, ಅದರ ಹಿಂದೆ ಅಮೆರಿಕದಿಂದ ಬಂದ ಮಿಷನರಿ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಅದೇ ಮುಂಬೈಯ ನಾಗ್ಪಾಡಾ ಬಡಾವಣೆಯಲ್ಲಿ ಮಾಡಿದ ಕೆಲಸ ಇತ್ತು. ಕೇರಿ ಮೊದಲು, ಕ್ಲಾಸ್‌ರೂಮ್ ಆಮೇಲೆ.

ಇನ್ನೊಂದು, ಬೇಜಾರು ಮಾಡ್ಕೋಬೇಡಿ, ತಿಂಗಳಿಗೆ ಒಂದು ಸಲ ನೀವೂ ಮಕ್ಕಳ ಜೊತೆ ಹೋಗಿ. ಮೇಷ್ಟ್ರು ಒಬ್ಬರ ಮನೆ ಬಾಗಿಲಲ್ಲಿ ಹೆಂಗೆ ನಿಲ್ತಾರೆ, ಚಪ್ಪಲಿ ಎಲ್ಲಿ ಬಿಡ್ತಾರೆ, ಮೊದಲ ಮಾತು ಏನು ಆಡ್ತಾರೆ ಅನ್ನೋದನ್ನ ಮಕ್ಕಳು ನೋಡಬೇಕು.

ಪ್ರಶ್ನೆ: ನಾನು ಮೊಳಕಾಲ್ಮೂರು ತಾಲ್ಲೂಕಲ್ಲಿ ಅಂಗನವಾಡಿ ಟೀಚರ್. ವರ್ಷಾ ವರ್ಷಾ ಕಾಲೇಜ್ ಮಕ್ಕಳು ಕ್ಯಾಂಪ್ ಅಂತ ಬರ್ತಾರೆ, ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸ್ತಾರೆ, ಮನೆ ಮನೆಗೆ ಹೋಗಿ ಫಾರಂ ತುಂಬಿಸ್ಕೊಳ್ತಾರೆ, ಫೋಟೋ ತೆಗೆಸ್ಕೊಂಡು ಹೋಗ್ತಾರೆ. ಆಮೇಲೆ ಸುದ್ದಿನೇ ಇಲ್ಲ. ಊರೋರು ನನ್ನ ಕೇಳ್ತಾರೆ. ಇದು ಎಂಥ ಓದು?

ಉತ್ತರ: ಅಕ್ಕಾ, ನಿಮ್ಮ ಸಿಟ್ಟು ಸರಿಯಾಗಿದೆ. ನಕ್ಷೆ ಬಿಡಿಸೋ ಆ ಪದ್ಧತಿ ಹುಟ್ಟಿದ್ದೇ ಊರೋರ ಕೈಗೆ ಪುಡಿ ಕೊಟ್ಟು ಅವರೇ ಬಿಡಿಸ್ಲಿ, ತಮ್ಮೂರಿನ ಕಷ್ಟ ಅವರೇ ಗುರುತಿಸ್ಲಿ ಅಂತ. ಮಕ್ಕಳು ತಾವೇ ಬಿಡಿಸಿ ಫೋಟೋ ತೆಗೆದ್ರೆ ಅದು ಬರೀ ರಂಗೋಲಿ. ಮುಂದಿನ ವರ್ಷ ಅವರು ಬಂದಾಗ ಮೊದಲ ದಿನವೇ ಮೇಷ್ಟ್ರನ್ನ ಕೂರಿಸ್ಕೊಂಡು ಮೂರು ಮಾತು ಕೇಳಿ. ಹೋದ ವರ್ಷದ ಸರ್ವೆಯಲ್ಲಿ ಏನು ಸಿಕ್ತು, ಅದರ ಪ್ರತಿ ನಮಗೆಲ್ಲಿ, ಈ ಸಲ ಹೋಗೋ ಮುಂಚೆ ಊರೋರ ಮುಂದೆ ಓದಿ ಹೇಳ್ತೀರಾ. ಹೊಸ ಫಾರಂ ತುಂಬಿಸೋಕೆ ಬಿಡೋದು ಆಮೇಲೆ. ಕೊಟ್ಟ ಪ್ರತಿನ ಅಂಗನವಾಡಿಯಲ್ಲೇ ಇಟ್ಕೊಳ್ಳಿ, ಗ್ರಾಮಸಭೆಯಲ್ಲಿ ನೀರು, ಶೌಚಾಲಯದ ಮಾತು ಬಂದಾಗ ತೆಗೆದು ತೋರಿಸೋಕೆ ಬರುತ್ತೆ.