ಲಕ್ಷ ವೋಲ್ಟಿನ ಹೊಡೆತ

ಪ್ರಶ್ನೆ: ಪೊಕೆಮಾನ್ ವಿಡಿಯೋ ಆಟಗಳಲ್ಲಿ ಪಿಕಾಚು ಎಂಬ ವಿದ್ಯುತ್ ಜೀವಿ ಪ್ರಯೋಗಿಸುವ 'ಥಂಡರ್‌ಬೋಲ್ಟ್' ದಾಳಿಗೆ ಜಪಾನಿ ಭಾಷೆಯಲ್ಲಿ ಬೇರೆಯೇ ಅರ್ಥದ ಹೆಸರಿದೆ ಎನ್ನುತ್ತಾರೆ. ನಿಜವೆ?

ಉತ್ತರ: ನಿಜ. 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಆಟಗಳಿಂದಲೂ ಅಲ್ಲಿ ಅದರ ಹೆಸರು 'ಜೂಮಾನ್ ಬೊರುತೊ'. 'ಮಾನ್' ಎಂದರೆ ಹತ್ತು ಸಾವಿರ, 'ಜೂ' ಎಂದರೆ ಹತ್ತು. ಅಂದರೆ ನಮ್ಮ ಎಣಿಕೆಯಲ್ಲಿ ಸರಿಯಾಗಿ ಒಂದು ಲಕ್ಷ ವೋಲ್ಟ್. ಇಂಗ್ಲಿಷಿಗೆ ತಂದವರು ಈ ಅಂಕಿಯನ್ನು ಬಿಟ್ಟು ಸಿಡಿಲನ್ನು ಸೂಚಿಸುವ ಪದವನ್ನು ಇಟ್ಟರು. ಆದರೆ ಈ ಸರಣಿಯ ಏಳನೆಯ ಪೀಳಿಗೆಯ ಆಟಗಳಲ್ಲಿ ಟೋಪಿ ಧರಿಸಿದ ಪಿಕಾಚುವಿಗೆಂದೇ ಒಂದು ಕೋಟಿ ವೋಲ್ಟಿನ ಮಹಾದಾಳಿಯನ್ನು ರೂಪಿಸಿದಾಗ, ಇಂಗ್ಲಿಷ್ ಹೆಸರಿನಲ್ಲಿಯೂ ಅಂಕಿಯನ್ನು ಸೇರಿಸಲೇಬೇಕಾಯಿತು. ಲಕ್ಷದಿಂದ ಕೋಟಿಗೆ ಏರಿದ ಈ ಲೆಕ್ಕ ಕನ್ನಡದಲ್ಲಿ ಎಷ್ಟು ಸಲೀಸಾಗಿ ಕೂರುತ್ತದೆ ನೋಡಿ!

ಪ್ರಶ್ನೆ: 'ಥಂಡರ್' ಇದಕ್ಕಿಂತ ಬಲವಾದ ದಾಳಿ. ಆದರೂ ಅನುಭವಿ ಆಟಗಾರರು ಥಂಡರ್‌ಬೋಲ್ಟನ್ನೇ ಆರಿಸಿಕೊಳ್ಳುವುದೇಕೆ?

ಉತ್ತರ: ಆಕಾಶದ ಸಿಡಿಲಿನಲ್ಲಿ ಹತ್ತಾರು ಕೋಟಿ ವೋಲ್ಟ್ ಇರುವುದರಿಂದ, ಹೆಸರನ್ನೇ ನಂಬಿದರೆ ಥಂಡರ್ ಸಾವಿರಾರು ಪಟ್ಟು ಬಲಶಾಲಿಯಾಗಬೇಕಿತ್ತು. ಆಟದ ಲೆಕ್ಕ ಅಷ್ಟು ಉದಾರವಲ್ಲ. ಮೊದಲ ಆಟಗಳಲ್ಲಿ ಥಂಡರ್‌ನ ಬಲ 120, ಥಂಡರ್‌ಬೋಲ್ಟ್‌ನದು 95. ಆದರೆ ಥಂಡರ್ ಗುರಿ ತಾಗುವುದು ನೂರಕ್ಕೆ 70 ಬಾರಿ ಮಾತ್ರ. ಹೀಗಾಗಿ ಹತ್ತು ಪ್ರಯೋಗಗಳಿಂದ ಥಂಡರ್‌ಗೆ ಸರಾಸರಿ 840ರಷ್ಟು ಬಲ ದಕ್ಕಿದರೆ, ನಿಖರತೆ 100 ಇರುವ ಥಂಡರ್‌ಬೋಲ್ಟ್‌ಗೆ 950 ದಕ್ಕುತ್ತದೆ. 2013ರಲ್ಲಿ ಇವುಗಳ ಬಲವನ್ನು ಕ್ರಮವಾಗಿ 110 ಮತ್ತು 90ಕ್ಕೆ ಇಳಿಸಿದ ಮೇಲೂ ಈ ಮೇಲುಗೈ ಉಳಿದಿದೆ. ಎದುರಾಳಿಯನ್ನು ಮರಗಟ್ಟಿಸುವ ಸಾಧ್ಯತೆಯಲ್ಲಿ ಮಾತ್ರ ಎರಡನೆಯ ಪೀಳಿಗೆಯಿಂದೀಚೆಗೆ ಥಂಡರ್ ಮುಂದಿದೆ: ಅದಕ್ಕೆ ನೂರಕ್ಕೆ 30, ಇದಕ್ಕೆ 10. ಮಳೆ ಬಂದರೆ ಥಂಡರ್ ಗುರಿ ತಪ್ಪುವುದೇ ಇಲ್ಲ. ಸುಡುಬಿಸಿಲಿನಲ್ಲಿ ಅದರ ನಿಖರತೆ 50ಕ್ಕೆ ಕುಸಿಯುತ್ತದೆ. ಮಳೆ ತರಿಸುವ ಜೊತೆಗಾರ ತಂಡದಲ್ಲಿದ್ದರೆ ಥಂಡರ್ ಸರಿ, ಇಲ್ಲದಿದ್ದರೆ ಥಂಡರ್‌ಬೋಲ್ಟೇ ಲೇಸು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಪಿಕಾಚು ಈ ದಾಳಿಯನ್ನು ತಾನಾಗಿಯೇ ಕಲಿಯುತ್ತದೆಯೆ?

ಉತ್ತರ: ಮೊದಲ 'ರೆಡ್' ಮತ್ತು 'ಗ್ರೀನ್' ಆಟಗಳಲ್ಲಿ ಕಲಿಯುತ್ತಿರಲಿಲ್ಲ. ಆಟದೊಳಗಿನ ವರ್ಮಿಲಿಯನ್ ನಗರದ ಜಿಮ್ (ಕಾಳಗದ ಅಖಾಡ) ನಾಯಕ ಲೆಫ್ಟಿನೆಂಟ್ ಸರ್ಜ್‌ನನ್ನು ಸೋಲಿಸಿ, ಅವನು ಕೊಡುವ, ದಾಳಿ ಕಲಿಸುವ ಸಾಧನವಾದ ಟಿಎಂ 24ರಿಂದ ಅದನ್ನು ಕಲಿಸಬೇಕಿತ್ತು. 1998ರ 'ಯೆಲ್ಲೋ' ಆಟದಲ್ಲಿ ಅದು 26ನೆಯ ಹಂತ ತಲುಪಿದಾಗ ತಾನೇ ಕಲಿಯುತ್ತದೆ. ಕಲಿತರೂ, ನೆಲದ ('ಗ್ರೌಂಡ್') ವರ್ಗದ ಎದುರಾಳಿಯ ಮೇಲೆ ಈ ದಾಳಿಯ ಪರಿಣಾಮ ಸೊನ್ನೆ.