ಗೋಡೆಯ ಮೇಲಿದ್ದ ಫೋಟೊ

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ಹುಡುಗನೊಬ್ಬನ ಕತೆ ಇದು. ಅವನ ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಹಾವೇರಿ ಕಡೆಯವನು, ವಯಸ್ಸು 24. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಎರಡು ವರ್ಷದಿಂದ ಕೆಎಎಸ್‌ಗೆ ಓದುತ್ತಿದ್ದ. ನಿದ್ದೆ ಬರುತ್ತಿಲ್ಲ, ಪುಸ್ತಕ ತೆರೆದರೆ ಕೈ ನಡುಗುತ್ತದೆ ಎಂದು ಬಂದಿದ್ದ. ಅರ್ಧ ಗಂಟೆ ಪರೀಕ್ಷೆಯ ಮಾತೇ ಆಯಿತು. ಆಮೇಲೆ ಮೆಲ್ಲಗೆ, "ನಮ್ಮ ಸರ್ ಹಿಂಗ ಮಾಡ್ತಾರಂತ ಅಂದ್ಕೊಂಡಿರಲಿಲ್ರೀ ಮೇಡಂ" ಎಂದ.

ಸರ್ ಎಂದರೆ ಒಬ್ಬ ಅಧಿಕಾರಿ. ಅವರ ಭಾಷಣ ಕೇಳಿಯೇ ಇವನು ಈ ದಾರಿಗೆ ಬಂದದ್ದು. ರೂಮಿನ ಗೋಡೆಗೆ ಅವರ ಫೋಟೊ. ಅವರು ಮೂರೂವರೆಗೆ ಏಳುತ್ತಿದ್ದರಂತೆ, ಇವನೂ ಎದ್ದ. ಅವರು ಊರಿಗೇ ಹೋಗದೆ ಓದಿದರಂತೆ, ಇವನು ಅಕ್ಕನ ಕುಬಸಕ್ಕೂ (ಸೀಮಂತಕ್ಕೂ) ಹೋಗಲಿಲ್ಲ. ಹೋದ ತಿಂಗಳು ಅವರ ಮೇಲೆ ಲಂಚದ ಆರೋಪ ಬಂತು. ಹುಡುಗ ಫೋಟೊ ಹರಿದುಹಾಕಿದ. ಜೊತೆಗೆ ತನ್ನ ನೋಟ್ಸನ್ನೂ.

ನೋಟ್ಸ್ ಹರಿದದ್ದೇ ನನಗೆ ಜಾಸ್ತಿ ಸಂಕಟವಾಯಿತು. ಅದು ಅವನದೇ ದುಡಿಮೆ, ಅಲ್ವಾ?

ಬದುಕೇ ಸಾಕು ಅನ್ನಿಸಿದೆಯಾ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದ. ಆದರೂ ರಾತ್ರಿ ತೀರಾ ಕಷ್ಟವಾದರೆ ಇರಲಿ ಎಂದು ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರ್ ಬರೆದುಕೊಟ್ಟೆ. ಮೂರೂವರೆಯ ಅಲಾರಂ ತೆಗೆಸಿದೆ. ಹನ್ನೊಂದಕ್ಕೆ ಮಲಗು ಎಂದೆ. ನಿದ್ದೆ ಸರಿಹೋಗದೆ ಯಾರ ಮಾತೂ ಒಳಗೆ ಇಳಿಯುವುದಿಲ್ಲ.

ಎರಡನೆಯ ಸಲ ಬಂದಾಗ ಕೇಳಿದೆ: "ಅವರಿಂದ ಕಲಿತದ್ದರಲ್ಲಿ ಯಾವುದು ಈಗಲೂ ಕೆಲಸಕ್ಕೆ ಬರುತ್ತೆ?" ತುಂಬಾ ಹೊತ್ತು ಸುಮ್ಮನಿದ್ದ. ದಿನಾ ಪೇಪರ್ ಓದಿ ಒಂದು ಪುಟ ಸ್ವಂತ ಮಾತಿನಲ್ಲಿ ಬರೆಯುವುದು ಎಂದ. ಅದು ಇರಲಿ ಎಂದೆ. ಬೆಳಗಿನ ಜಾವದ ಓದು? ಅವನ ತಲೆ ಓಡುವುದು ರಾತ್ರಿ. ಎರಡು ವರ್ಷ ಸುಮ್ನೆ ತೂಕಡಿಸಿದ್ದ.

"ಗುರುಗಳನ್ನ ದೇವ್ರು ಅಂತೀವಲ್ರೀ ಮೇಡಂ?" ಎಂದ. ನಾನು ನಮ್ಮ ಕಡೆಯ ಗಾಯಕರನ್ನೇ ನೆನಪಿಸಿದೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತರು. ಭೀಮಸೇನ ಜೋಶಿಯವರಿಗೂ ಅವರೇ ಗುರು. ಇಬ್ಬರದೂ ಕಿರಾನಾ ಘರಾಣೆ, ಅಂದರೆ ಒಂದೇ ಗಾಯನ ಪರಂಪರೆ. ಆದರೆ ಒಂದು ಆಲಾಪ ಕೇಳಿದರೆ ಸಾಕು, ಹಾಡುತ್ತಿರುವವರು ಯಾರೆಂದು ಗೊತ್ತಾಗುತ್ತದೆ. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳಲ್ಲಿ ಕಲಿತ ಮೇಲೂ ಇನ್ನೂ ಹಲವು ಗುರುಗಳನ್ನು ಹುಡುಕಿಕೊಂಡು ಹೋದರು. ಅದರಿಂದ ಮೊದಲ ಗುರುವಿನ ಗೌರವ ಕಡಿಮೆಯಾಯಿತೇ? "ಕೈ ಮುಗಿ ತಮ್ಮಾ, ಬೇಡ ಅನ್ನಲ್ಲ. ಆದರೆ ಅವರು ಎಡವಿದ ದಿನ ನಿನ್ನ ಓದು ನಿಲ್ಲಬಾರದು."

ಮನೆಗೆ ಒಂದು ಕೆಲಸ ಕೊಟ್ಟೆ. ಮೆಚ್ಚುವ ಮೂವರ ಹೆಸರು ಬರಿ. ಅವರಿಂದ ಏನು ತಗೋತೀಯ, ಏನು ತಗೊಳ್ಳಲ್ಲ, ಎರಡನ್ನೂ ಬರಿ. ಎರಡನೆಯದು ಬರೆಯುವುದೇ ಕಷ್ಟ. ಮೆಚ್ಚಿದವರಲ್ಲಿ ಬೇಡದ್ದನ್ನು ನೋಡಲು ಮನಸ್ಸು ಒಪ್ಪುವುದಿಲ್ಲ. ಮೂರನೆಯ ಸಲ ಹಾಳೆ ತಂದ. ಅವ್ವನ ಹೆಸರಿನ ಮುಂದೆ ಹೀಗಿತ್ತು: "ತಾಳ್ಮಿ ಬೇಕು. ಎಲ್ಲಾ ನುಂಗಿಕೊಂಡು ಕೂಡೂದು ಬ್ಯಾಡ." ಓದುತ್ತಾ ಅತ್ತ. ಆ ವಾರವೇ ಊರಿಗೆ ಹೋಗಿ ಅಕ್ಕನ ಕೂಸನ್ನು ನೋಡಿ ಬಂದ.

ನಾಲ್ಕನೆಯ ಸಲ, "ಇನ್ನ ನೀವು ಹೇಳಿದಂಗ ಕೇಳ್ತೀನ್ರೀ ಮೇಡಂ" ಎಂದ. ನನಗೆ ಹೆದರಿಕೆಯಾಯಿತು. ಖಾಲಿಯಾದ ಗೋಡೆಗೆ ಈಗ ನನ್ನ ಫೋಟೊ ಬರುವುದರಲ್ಲಿತ್ತು. ಅದೇ ಹಾಳೆಯಲ್ಲಿ ನನ್ನ ಹೆಸರನ್ನೂ ಬರಿ ಎಂದೆ. ಹಿಂಜರಿದ. ಬಿಡಲಿಲ್ಲ. ಕೊನೆಗೆ ಬರೆದ: "ನಿದ್ದಿ ಬೇಕು ಅಂದಿದ್ದು ತಗೋತೀನಿ. ಹನ್ನೊಂದಕ್ಕ ಮಲಗೂದು ನನಗ ಒಗ್ಗೂದಿಲ್ಲ. ಹನ್ನೆರಡೂವರಿಗೆ ಮಲಗಿ ಏಳಕ್ಕ ಏಳ್ತೀನಿ."

ಮುಂದಿನ ಭೇಟಿಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿದೆವು.